ಬರೆದವರೇ ಅಚ್ಚು ಹಾಕಿಸಿದ ಒಲವಿನ ಕತೆ

ಪ್ರೇಮ ಕಾದಂಬರಿ ಬರೆದು, ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿ, ತಾವೇ ಮಾರುವ ಲೇಖಕ ಲೇಖಕಿಯರ ದುಡಿಮೆ ಈ ಅಧ್ಯಾಯದ ವಿಷಯ. ವಿಮರ್ಶಕರು ಇವರ ಕಡೆ ಅಷ್ಟಾಗಿ ಕಣ್ಣು ಹಾಯಿಸಿಲ್ಲ. ಆದರೆ ಕಾದಂಬರಿ ಹಿಡಿದು ಕೂಡುವ ರೂಢಿಯನ್ನು ಕನ್ನಡದ ಮನೆಗಳಲ್ಲಿ ಬೆಳೆಸಿದ್ದು ಬಹುಮಟ್ಟಿಗೆ ಇಂಥವರೇ ಎಂಬುದು ನನ್ನ ಗಟ್ಟಿ ನಂಬಿಕೆ.

ಈ ಕಸುಬು ಮೊಬೈಲ್ ಕಾಲದಲ್ಲಿ ಹುಟ್ಟಿದ್ದಲ್ಲ. ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು (1869–1942) ನಾವು ಗಳಗನಾಥರೆಂದೇ ಬಲ್ಲೆವು. ಶಾಲಾ ಮಾಸ್ತರಿಕೆ ಮಾಡಿದವರು, ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನಡೆಸಿದವರು. ಕಾದಂಬರಿ ಅಚ್ಚಾದ ಮೇಲೆ ಗಂಟು ಕಟ್ಟಿ, ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಇತ್ತ ನಂಜನಗೂಡಿನ ತಿರುಮಲಾಂಬ (1887–1982) ಬಾಲ್ಯದಲ್ಲೇ ವಿಧವೆಯಾದವರು. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ತೆರೆದು ‘ಸುಶೀಲೆ’ ಕಾದಂಬರಿಯನ್ನು ಹೊರತಂದರು. ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಹೆಣ್ಣುಮಗಳೊಬ್ಬಳು ಬರೆಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಆಕೆ ಲೇಖಕಿ, ಪ್ರಕಾಶಕಿ, ಸಂಪಾದಕಿ ಮೂರೂ ಆಗಿದ್ದರು. ಇಂದು ಸ್ವಂತ ಪ್ರಕಟಣೆಗೆ ಇಳಿಯುವ ಪ್ರತಿ ಹೆಣ್ಣುಮಗಳೂ ನೆನೆಯಬೇಕಾದ ಹೆಸರು ಇದು.

ಪ್ರೇಮ ಕಾದಂಬರಿಯ ದಾರಿಯಲ್ಲಿ ಬಾಗಲಕೋಟೆ ಜಿಲ್ಲೆಗೂ ದೊಡ್ಡ ಹೆಸರೊಂದಿದೆ. ಬೀಳಗಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರು ವೃತ್ತಿಯಿಂದ ಶಿಕ್ಷಕರು. ಒಲವು, ಮದುವೆ, ಕೂಡುಕುಟುಂಬ ಇವನ್ನೇ ಹಿಡಿದು ಕಾದಂಬರಿಯ ಮೇಲೆ ಕಾದಂಬರಿ ಬರೆದರು. ಅವರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಚಿತ್ರವಾಯಿತು. ಮರುವರ್ಷ ‘ಕುಲವಧು’ ತೆರೆಗೆ ಬಂತು. 1977ರ ‘ಸನಾದಿ ಅಪ್ಪಣ್ಣ’ನ ಮೂಲವೂ ಪುರಾಣಿಕರದೇ. ಆ ಚಿತ್ರದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿ ಕೇಳಿ ಕಣ್ಣೊರೆಸಿಕೊಂಡ ಎಷ್ಟೋ ಜನರಿಗೆ ಆ ಕತೆ ಬೀಳಗಿಯ ಮಾಸ್ತರರದು ಎಂಬುದು ತಿಳಿದಿರಲಿಕ್ಕಿಲ್ಲ. ಈ ಜಿಲ್ಲೆಯಲ್ಲಿ ಒಲವಿನ ಕತೆ ಬರೆಯಲು ಕೂಡುವವರು ಪುರಾಣಿಕರನ್ನು ಒಮ್ಮೆ ಓದಿಯೇ ಮುಂದೆ ಹೋಗಬೇಕು.

ಪುಸ್ತಕ ಓದದವರಿಗೂ ಈ ಸೀಮೆಯಲ್ಲಿ ಒಲವಿನ ಕತೆ ಹೊಸದಲ್ಲ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆ ಹೊತ್ತಿಗೆ ನಾಟಕ ಕಂಪನಿಗಳು ಟೆಂಟು ಹೊಡೆದು ನಿಲ್ಲುತ್ತವೆ. ರಾತ್ರಿಯೆಲ್ಲ ಆಟ ನಡೆಯುತ್ತದೆ. ಗಂಡ ಹೆಂಡಿರ ಮುನಿಸು, ಅಣ್ಣ ತಂಗಿಯರ ಅಕ್ಕರೆ, ಪ್ರೀತಿಸಿ ಮನೆ ಬಿಟ್ಟವರ ಪಾಡು ಇವೇ ಅಲ್ಲಿನ ವಸ್ತು. ಬಂಡಿ ಕಟ್ಟಿಕೊಂಡು, ಟ್ರ್ಯಾಕ್ಟರ್ ಏರಿ ಬಂದ ಜನ ಎಲ್ಲಿ ಸುಮ್ಮನಾಗುತ್ತಾರೆ, ಎಲ್ಲಿ ಸೀಟಿ ಹೊಡೆಯುತ್ತಾರೆ, ಎಲ್ಲಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ ಎಂದು ನೋಡುತ್ತ ಒಂದು ರಾತ್ರಿ ಕೂತರೆ ಸಾಕು, ಕತೆ ಕಟ್ಟುವ ಪಾಠ ಆಗಿಬಿಡುತ್ತದೆ. ಪ್ರೇಮ ಕಾದಂಬರಿಯ ಓದುಗರು ಈ ಜನರೇ, ಇಲ್ಲವೇ ಇವರ ಮಕ್ಕಳು.

ಹಿಂದೆ ಧಾರಾವಾಹಿ ಎಂದರೆ ‘ಕರ್ಮವೀರ’, ‘ಸುಧಾ’, ‘ತರಂಗ’ದಂಥ ವಾರಪತ್ರಿಕೆಗಳು. ವಾರಕ್ಕೊಂದು ಕಂತು, ಓದುಗರ ಪತ್ರಕ್ಕೆ ಇನ್ನೆರಡು ವಾರ. ಈಗ ಆ ಜಾಗವನ್ನು ಬಹುಪಾಲು ಮೊಬೈಲ್ ಹಿಡಿದಿದೆ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಯಾರ ಅಪ್ಪಣೆಯೂ ಬೇಡದೆ ಕನ್ನಡದಲ್ಲಿ ಕಂತು ಕಂತಾಗಿ ಕತೆ ಹಾಕಬಹುದು. ಓದುಗರು ಚಂದಾ ಕಟ್ಟಿ ಓದಿದರೆ ಅದರಲ್ಲೊಂದು ಪಾಲು ಬರೆದವರಿಗೆ ಬರುತ್ತದೆ. ಹೀಗೆ ಬರೆಯುವವರಲ್ಲಿ ಗೃಹಿಣಿಯರು, ಶಿಕ್ಷಕಿಯರು, ಕಾಲೇಜು ಹುಡುಗಿಯರು ಬಹಳ.

ಇವರ ದಿನಚರಿ ಹೇಗಿರುತ್ತದೆ ಎಂದು ಕೇಳಿದರೆ, ಬರೆಯಲಿಕ್ಕೆಂದು ಹೊತ್ತು ಯಾರಿಗೂ ತಾನಾಗಿ ಸಿಗುವುದಿಲ್ಲ. ನಸುಕಿನಲ್ಲಿ ರೊಟ್ಟಿ ಬಡಿಯುವ ಮೊದಲು, ಮಧ್ಯಾಹ್ನ ಮನೆ ತಣ್ಣಗಾದಾಗ, ರಾತ್ರಿ ಎಲ್ಲರೂ ಮಲಗಿದ ಮೇಲೆ, ಹೀಗೆ ಕದ್ದ ಹೊತ್ತೇ ಬರವಣಿಗೆಯ ಹೊತ್ತು. ಇದರಲ್ಲಿ ನಿಲ್ಲುವವರು ದಿನಾಲೂ ಅದೇ ಹೊತ್ತಿಗೆ ಕೂಡುವವರು. ಒಂದು ಕಂತಿಗೆ ಸಾವಿರ, ಸಾವಿರದೈನೂರು ಪದ. ಅದನ್ನು ಮುಗಿಸಿಯೇ ಏಳಬೇಕು. ಜೊತೆಗೊಂದು ವಹಿ ಇರಬೇಕು. ಯಾರ ವಯಸ್ಸೆಷ್ಟು, ಯಾರು ಯಾರಿಗೆ ಏನಾಗಬೇಕು, ನಾಯಕನ ತಮ್ಮ ಯಾವ ಕಾಲೇಜು ಎಂಬುದನ್ನೆಲ್ಲ ಅದರಲ್ಲಿ ಬರೆದಿಟ್ಟುಕೊಳ್ಳಬೇಕು. ಮೂರನೇ ಕಂತಿನಲ್ಲಿ ತೀರಿಹೋದ ಅಜ್ಜಿ ಮೂವತ್ತನೇ ಕಂತಿನಲ್ಲಿ ಮದುವೆಗೆ ಬಂದು ಅಕ್ಷತೆ ಹಾಕಿದರೆ ಓದುಗರು ಬಿಡುವುದಿಲ್ಲ.

ಓದುಗರ ಮಾತು ಅರ್ಧ ತಾಸಿನಲ್ಲೇ ಬಂದು ಮುಟ್ಟುವುದು ಈ ಬರವಣಿಗೆಯ ಬಲವೂ ಹೌದು, ಅಪಾಯವೂ ಹೌದು. ‘ಮುಂದಿನ ಕಂತು ಯಾವಾಗ ಅಕ್ಕಾ’ ಎಂಬ ಪ್ರಶ್ನೆ ಬರೆಯುವ ಕೈಗೆ ಕಸುವು ಕೊಡುತ್ತದೆ. ಆದರೆ ನಾಯಕ ನಾಯಕಿಯನ್ನು ಒಂದು ಮಾಡಬೇಡಿ, ಕತೆ ಮುಗಿದುಬಿಡುತ್ತದೆ ಎಂದು ಹತ್ತು ಮಂದಿ ಕೇಳಿಕೊಂಡರೆಂದು ಕತೆಯನ್ನು ನೂರು ಕಂತಿಗೆ ಎಳೆದರೆ ಕಾದಂಬರಿ ಕೆಡುತ್ತದೆ. ಕೊನೆ ಏನೆಂಬುದು ಮೊದಲ ಕಂತು ಹಾಕುವ ಮುಂಚೆಯೇ ಬರೆಯುವವರಿಗೆ ಗೊತ್ತಿರಬೇಕು. ಇದರಲ್ಲಿ ನಾನು ರಾಜಿಗೆ ಒಪ್ಪುವವನಲ್ಲ.

ಇನ್ನು ಕತೆಯ ಸರಕು. ಇಳಕಲ್, ಬಾಗಲಕೋಟೆ, ಬಾದಾಮಿ, ಹುನಗುಂದ ಈ ನಾಲ್ಕು ಊರುಗಳಲ್ಲಿ ಕೂತು ಬರೆಯುವವರು ಬೆಂಗಳೂರಿನ ಐಟಿ ಕಂಪನಿಯ ಮಾಲೀಕನನ್ನೂ ಅವನ ಕಾರನ್ನೂ ವರ್ಣಿಸುವುದನ್ನು ಕಂಡರೆ ಸಂಕಟವಾಗುತ್ತದೆ. ಇಳಕಲ್ಲಿನ ಮಗ್ಗದ ಮನೆಯನ್ನೇ ನೋಡಿ. ಸೀರೆಯ ಮೈಯ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಎರಡನ್ನೂ ಕೊಂಡಿ ಹಾಕಿ ಎಳೆ ಎಳೆಯಾಗಿ ಕೂಡಿಸಬೇಕು. ಒಬ್ಬರ ಕೈಯಲ್ಲಿ ಸರಾಗ ಆಗುವ ಕೆಲಸವಲ್ಲ, ಎದುರು ಇನ್ನೊಂದು ಜೊತೆ ಕೈ ಬೇಕು. ಎದುರುಬದುರು ಕೂತು, ತಲೆ ತಗ್ಗಿಸಿ, ಕೆಂಪು ರೇಷ್ಮೆ ಎಳೆಯೊಂದನ್ನು ಆಚೆಯಿಂದ ಈಚೆಗೆ ಕೊಡುವ ಇಬ್ಬರ ನಡುವೆ ಎಷ್ಟು ಮಾತು ಹುಟ್ಟಬಹುದು, ಎಷ್ಟು ಮಾತು ಆಡದೆ ಉಳಿಯಬಹುದು! ಕೆಂಪು ಸೀರೆ ಉಟ್ಟಿದ್ದಳು ಎಂದು ಬರೆಯುವ ಬದಲು ಗೋಮಿ ದಡಿಯೋ ಚಿಕ್ಕಿ ದಡಿಯೋ ಎಂದು ಬರೆದರೆ, ಅವಳು ಯಾವ ಮನೆಯವಳೆಂಬುದು ಇಲ್ಲಿನ ಓದುಗಿತ್ತಿಗೆ ಅಷ್ಟರಲ್ಲೇ ತಿಳಿಯುತ್ತದೆ.

ಬಾಗಲಕೋಟೆಗೆ ಬನ್ನಿ. ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ಓಣಿಗಳು ಮುಳುಗಿದವು. ಜನ ನವನಗರದ ಸೆಕ್ಟರುಗಳಿಗೆ ಹೋದರು. ಒಂದೇ ಗೋಡೆಯ ಆಚೀಚೆ ಬೆಳೆದ ಹುಡುಗ ಹುಡುಗಿ ಬೇರೆ ಬೇರೆ ಸೆಕ್ಟರಿಗೆ ಹೋಗಿ ಬಿದ್ದರೆ ಅದೇ ಒಂದು ಕಾದಂಬರಿ. ಬಾದಾಮಿಯ ಮೂರನೇ ಗುಹೆ ಚಾಲುಕ್ಯರ ಮಂಗಲೇಶ ಮಾಡಿಸಿದ್ದು, ಕ್ರಿ.ಶ. 578ರ ಶಾಸನ ಅಲ್ಲಿದೆ. ಅದರ ಪಡಸಾಲೆಯ ಕಂಬಗಳ ಮೇಲಿನ ಚಾಚುಗಳಲ್ಲಿ ಮರದಡಿ ನಿಂತ ಜೋಡಿಗಳನ್ನು ತಲೆ ಎತ್ತಿ ನೋಡಬೇಕು. ಒಬ್ಬರ ಮೈ ಇನ್ನೊಬ್ಬರ ಕಡೆ ವಾಲಿದ ಆ ಭಂಗಿಯನ್ನು ಶಿಲ್ಪಿ ಯಾವ ಅಳುಕೂ ಇಲ್ಲದೆ ಕಡೆದಿದ್ದಾನೆ. ಹುನಗುಂದ ಸೀಮೆಯ ಐಹೊಳೆಯಲ್ಲೂ ಇಂಥ ಜೋಡಿಗಳಿವೆ. ಒಲವನ್ನು ಬರೆಯಲು ನಾಚಬೇಕಿಲ್ಲ ಎಂಬುದಕ್ಕೆ ಈ ನೆಲದಲ್ಲೇ ಸಾಕ್ಷಿ ಇದೆ.

ಅಡ್ಡಿಯೂ ಇಲ್ಲಿಯದೇ ಆಗಿರಲಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಒಲವಿಗೆ ಎದುರಾಗುವುದು ಬಂದೂಕು ಹಿಡಿದ ಖಳನಾಯಕನಲ್ಲ, ‘ಹುಡುಗಿ ನಮ್ಮ ಮನಿಗೇ ಬರಬೇಕು’ ಎನ್ನುವ ಸೋದರಮಾವ. ಆತ ಕೆಟ್ಟವನಲ್ಲ. ಅಕ್ಕನ ಮಗಳ ಮೇಲೆ ಅವನಿಗೆ ಜೀವ. ಅವನ ಮಾತು ಮುರಿದರೆ ಅಕ್ಕನ ತವರೇ ಮುರಿಯುತ್ತದೆ. ಇಂಥ ಗಂಟನ್ನು ಬಿಡಿಸುವ ಕತೆಗೆ ಓದುಗರು ರಾತ್ರಿ ನಿದ್ದೆಗೆಡುತ್ತಾರೆ. ಮಾತುಕತೆಯೂ ಈ ನೆಲದ್ದೇ ಇರಬೇಕು. ಹುನಗುಂದದ ಹುಡುಗ ‘ನಾನು ನಿನ್ನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತೇನೆ’ ಎಂದರೆ ಪುಸ್ತಕ ಮುಚ್ಚಬೇಕೆನಿಸುತ್ತದೆ. ‘ಮಾರಿ ಯಾಕ ಸಪ್ಪಗ ಮಾಡಿ? ಊಟಾ ಮಾಡಿದಿ ಇಲ್ಲೋ?’ ಎಂದು ಕೇಳಿದರೆ ಅವನ ಮನಸ್ಸು ಪೂರಾ ಗೊತ್ತಾಗುತ್ತದೆ.

ಕಂತುಗಳು ಮುಗಿದು, ಪುಸ್ತಕ ಮಾಡಬೇಕು ಎಂದಾಗ ಇನ್ನೊಂದು ಕಸುಬು ಶುರುವಾಗುತ್ತದೆ. ಮುದ್ರಣ ಕಾಶಿ ಎಂದು ಹೆಸರಾದ ಗದಗ ಇಲ್ಲಿಗೆ ದೂರವಲ್ಲ. ಬಾಗಲಕೋಟೆಯಿಂದಲೂ ಬಾದಾಮಿಯಿಂದಲೂ ನೇರ ರೈಲಿದೆ. ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಬರೆದದ್ದನ್ನು ಡಿಟಿಪಿಯವರು ‘ನುಡಿ’ ತಂತ್ರಾಂಶದ ಅಕ್ಷರಕ್ಕೋ ಬೇರೆ ಹಳೆಯ ಅಕ್ಷರಕ್ಕೋ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ಅದಕ್ಕೇ ಪ್ರೂಫನ್ನು ಒಮ್ಮೆ ನೀವು ಓದಿ, ಇನ್ನೊಮ್ಮೆ ಕತೆ ಗೊತ್ತಿಲ್ಲದವರಿಂದ ಓದಿಸಬೇಕು. ಬರೆದವರ ಕಣ್ಣು ತಪ್ಪನ್ನು ದಾಟಿ ಮುಂದೆ ಹೋಗಿಬಿಡುತ್ತದೆ.

ಫಾರಂ ಲೆಕ್ಕ ಗೊತ್ತಿರಲೇಬೇಕು. ಡೆಮಿ 1/8 ಆಕಾರದ ಪುಸ್ತಕಕ್ಕೆ 16 ಪುಟ ಸೇರಿದರೆ ಒಂದು ಫಾರಂ. ನಲವತ್ತು ಸಾವಿರ ಪದದ ಕಾದಂಬರಿ, ಪುಟಕ್ಕೆ ಇನ್ನೂರು ಪದದಂತೆ 200 ಪುಟ. ಮುನ್ನುಡಿ, ಅರ್ಪಣೆಗೆಂದು 8 ಪುಟ ಸೇರಿಸಿದರೆ 208. ಸರಿಯಾಗಿ 13 ಫಾರಂ. ಇದೇ 210 ಆಯಿತೆನ್ನಿ, ಎರಡು ಪುಟಕ್ಕಾಗಿ ಇನ್ನೊಂದು ಫಾರಮ್ಮಿನ, ಕಡಿಮೆಯೆಂದರೂ ಅರ್ಧ ಫಾರಮ್ಮಿನ ಖರ್ಚು ತಲೆಗೆ ಬರುತ್ತದೆ. ಆಗ ಅನುಭವವುಳ್ಳವರು ಎರಡು ಪುಟ ಮಾತು ಕಡಿಯುತ್ತಾರೆ. ಕಡಿದ ಮೇಲೆ ಕತೆ ಹಸನಾಗುವುದೇ ಹೆಚ್ಚು. ಸಾವಿರ ಪ್ರತಿ ಹಾಕಿಸಿದರೆ ಪ್ರತಿಯೊಂದರ ಖರ್ಚು ಇಳಿಯುತ್ತದೆ ಎಂದು ಪ್ರೆಸ್ಸಿನವರು ಹೇಳುವುದು ನಿಜ. ಆದರೆ ಮೊದಲ ಪುಸ್ತಕಕ್ಕೆ ಇನ್ನೂರು, ಮುನ್ನೂರು ಪ್ರತಿ ಸಾಕು. ಮಂಚದ ಕೆಳಗೆ ಕೂತ ಏಳುನೂರು ಪ್ರತಿ ಎರಡನೇ ಪುಸ್ತಕ ಬರೆಯುವ ಹುಮ್ಮಸ್ಸನ್ನೇ ತಿಂದುಹಾಕುತ್ತದೆ.

ಮಾರಾಟದ್ದೇ ದೊಡ್ಡ ಕಷ್ಟ. ಅಂಗಡಿಯವರಿಗೆ ನೂರಕ್ಕೆ ಮೂವತ್ತರಿಂದ ನಲವತ್ತು ರೂಪಾಯಿ ಬಿಡಬೇಕು, ಹಣ ಕೈ ಸೇರುವುದು ತಡ. ಆದ್ದರಿಂದ ಓದುಗರಿಗೆ ನೇರ ಕಳಿಸುವುದೇ ಲೇಸು. 208 ಪುಟದ ಪುಸ್ತಕ ಹತ್ತಿರ ಹತ್ತಿರ 250 ಗ್ರಾಂ ತೂಗುತ್ತದೆ. ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗೆಂದು ಜ್ಞಾನ ಪೋಸ್ಟ್ ತಂದಿದೆ. 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ನಿಮ್ಮ ಪುಸ್ತಕ ಅದರ ನಿಯಮಕ್ಕೆ ಹೊಂದುತ್ತದೆಯೇ ಎಂದು ಊರಿನ ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಿ. ಬೆಲೆ ಇಡುವಾಗ ಅಂಚೆ, ಲಕೋಟೆ, ಉಚಿತವಾಗಿ ಹಂಚುವ ಪ್ರತಿ ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯಿರಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಏಜೆನ್ಸಿ ಪುಕ್ಕಟೆ ಕೊಡುತ್ತದೆ, ಅದಕ್ಕೆ ದುಡ್ಡು ಕೇಳುವ ದಲ್ಲಾಳಿಗಳನ್ನು ನಂಬಬೇಡಿ. 1954ರ ಕಾಯ್ದೆಯಂತೆ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಸ್ವಂತ ಪ್ರಕಾಶಕರು ಬಹಳ ಮಂದಿ ಇದನ್ನು ಮರೆಯುತ್ತಾರೆ. ಕಳಿಸಿದರೆ ಇಳಕಲ್ಲಿನಲ್ಲಿ ಬರೆದ ಕತೆ ಮೊಮ್ಮಕ್ಕಳ ಕಾಲಕ್ಕೂ ಒಂದು ಕಪಾಟಿನಲ್ಲಿ ಸಿಗುತ್ತದೆ.

ಹಕ್ಕಿನ ವಿಷಯದಲ್ಲಿ ಮಾತ್ರ ಯಾರ ಮುಲಾಜಿಗೂ ಬೀಳಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಬರೆದ ಕ್ಷಣದಿಂದಲೇ ಕೃತಿ ನಿಮ್ಮದು. ನೋಂದಣಿ ಕಡ್ಡಾಯವಲ್ಲ. ನೀವಿರುವತನಕ ಅದು ನಿಮ್ಮದು, ಆಮೇಲೆ 60 ವರ್ಷ ನಿಮ್ಮ ಮನೆಯವರದು. ಆಡಿಯೋ, ಧಾರಾವಾಹಿ, ಸಿನಿಮಾ ಎಂದು ಯಾರಾದರೂ ಕರಾರು ತಂದರೆ ಯಾವ ಹಕ್ಕು, ಎಷ್ಟು ವರ್ಷಕ್ಕೆ, ಎಷ್ಟು ಹಣಕ್ಕೆ ಎಂಬ ಮೂರನ್ನೂ ಓದಿ ಸಹಿ ಮಾಡಿ. ಅವಧಿ ಬರೆದಿಲ್ಲದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದೇ ಎಣಿಸುತ್ತದೆ. ಹಕ್ಕು ಪಡೆದವರು ಒಂದು ವರ್ಷ ಏನೂ ಮಾಡದೆ ಕೂತರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದ ಪಕ್ಷದಲ್ಲಿ ಅದು ತಾನಾಗಿ ಬಿದ್ದುಹೋಗುತ್ತದೆ. ‘ಎಲ್ಲ ಹಕ್ಕು, ಕಾಯಂ ಆಗಿ’ ಎಂಬ ಸಾಲಿಗೆ ಮಾತ್ರ ಒಪ್ಪಬೇಡಿ.

ಓದುಗರಿಗೂ ಒಂದು ಮಾತು. ಊರಿನ ಲೇಖಕಿಯ ಕಾದಂಬರಿಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದು, ಪಿಡಿಎಫ್ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕುವವರು ಅಭಿಮಾನದಿಂದಲೇ ಹಾಗೆ ಮಾಡುತ್ತಾರೆ. ಆದರೆ ಅದರಿಂದ ಆಕೆಯ ಮುಂದಿನ ಪುಸ್ತಕದ ಕಾಗದದ ದುಡ್ಡು ಹೋಗುತ್ತದೆ. ಇಷ್ಟಪಟ್ಟ ಕತೆಯನ್ನು ಇನ್ನೊಬ್ಬರಿಗೆ ಓದಿಸಬೇಕು ಎನಿಸಿದರೆ ಬೆಲೆ ಕೊಟ್ಟು ಒಂದು ಪ್ರತಿ ಕೊಳ್ಳಿ, ಮುಂದಿನ ಮದುವೆಗೆ ಅದನ್ನೇ ಉಡುಗೊರೆಯಾಗಿ ಒಯ್ಯಿರಿ.