ಬನಿಯನ್ ಬಟ್ಟೆ ಕೊರಳಿಗೆ ಬಂದ ಬಗೆ

ಬೇಸಿಗೆಯಲ್ಲಿ ಲಕ್ಕವಳ್ಳಿಯಿಂದ ಸ್ಕೂಟರ್ ಹತ್ತಿದವರು ತರೀಕೆರೆ, ಬೀರೂರು ದಾಟಿ ಕಡೂರು ಮುಟ್ಟುವಷ್ಟರಲ್ಲಿ ಭದ್ರಾ ಅಣೆಕಟ್ಟೆಯ ಬದಿಯ ಕಾಡಿನ ತಂಪು ಕಳೆದು ಬಯಲಿನ ಒಣಬಿಸಿಲು ಎದುರಾಗುತ್ತದೆ. ಇಂಥ ದಾರಿಗಳಲ್ಲಿ ಹಿಂದೆ ಗಂಡಸರ ಹೆಗಲ ಟವೆಲು, ಹೆಂಗಸರ ಸೆರಗು ಮಾಡುತ್ತಿದ್ದ ಕೆಲಸ ಈಗ ಬನಿಯನ್ ಬಟ್ಟೆಯ ಸ್ಕಾರ್ಫಿನ ಪಾಲಿಗೆ ಬಂದಿದೆ. ಇದು ಪೇಟೆಯ ಶೋಕಿ ಎಂದು ಮೂಗು ಮುರಿಯುವವರು ಇದ್ದೇ ಇದ್ದಾರೆ. ಆದರೆ ದ್ವಿಚಕ್ರ ವಾಹನದ ಅಗತ್ಯ ಮತ್ತು ಹೆಣೆದ ಬಟ್ಟೆಯ ಗುಣ, ಇವೆರಡನ್ನು ನೋಡಿದರೆ ಫ್ಯಾಶನ್ನಿಗೆ ಇಲ್ಲಿ ಸಲ್ಲುವ ಪಾಲು ಚಿಕ್ಕದು. 2016ರ ಜನವರಿಯಿಂದ ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ದಪ್ಪ ಟವೆಲಾಗಲಿ, ಮುದುಡಿದ ಸೆರಗಾಗಲಿ ಅದರೊಳಗೆ ಸರಿಯಾಗಿ ಕೂರುವುದಿಲ್ಲ.

ಮಗ್ಗದ ಬಟ್ಟೆಯಲ್ಲಿ ಹಾಸು ಹೊಕ್ಕು ಎಂದು ಎರಡು ದಿಕ್ಕಿನ ನೂಲುಗಳಿರುತ್ತವೆ. ಬನಿಯನ್ ಬಟ್ಟೆಯದು ಕೊಂಡಿಗೆ ಕೊಂಡಿ ಸೇರಿಸುತ್ತ ಹೋಗುವ ಹೆಣಿಗೆ. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಈ ಹೆಣಿಗೆಗೆ ಯಂತ್ರ ಮಾಡಿದ್ದು ಕಾಲುಚೀಲಕ್ಕಾಗಿ. ಮುಂದೆ ಬಹುಕಾಲ ಆ ಬಟ್ಟೆ ಒಳಉಡುಪಿನಲ್ಲೇ ಅಡಗಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಪ್ಯಾರಿಸ್ಸಿನ ಕೊಕೊ ಶನೆಲ್ ಅದರಲ್ಲೇ ಹೆಂಗಸರ ಹೊರಉಡುಪು ಹೊಲಿಸಿ ಮಾನ ತಂದರು. ನಮ್ಮಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದ್ದು ತಿರುಪ್ಪೂರಿನ ಬನಿಯನ್ನು, ಟೀ ಶರ್ಟು.

ಹೊಲಿಯುವವರಿಗೆ ಮುಖ್ಯವಾದದ್ದು ಇದರ ಅಂಚು. ವಾಯಿಲ್ ದುಪಟ್ಟಾ ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುತ್ತದೆ, ಪಿಕೋ ಮಾಡಿಸಲೇಬೇಕು. ಬನಿಯನ್ ಬಟ್ಟೆ ಹಾಗೆ ಎಳೆ ಬಿಡುವುದಿಲ್ಲ. ಕತ್ತರಿಸಿ ಸ್ವಲ್ಪ ಜಗ್ಗಿದರೆ ಅಂಚು ತಾನೇ ಸುರುಳಿ ಸುತ್ತಿ ಮಡಿಚಿ ಹೊಲಿದಂತೆ ಕಾಣುತ್ತದೆ. ಅರ್ಧ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಪಟ್ಟಿ ಸಾಕು. ಚದರ ಮೀಟರಿಗೆ 150 ಗ್ರಾಂ ತೂಗುವ ಬಟ್ಟೆಯಾದರೆ ಸ್ಕಾರ್ಫಿನ ತೂಕ ಸುಮಾರು 112 ಗ್ರಾಂ. ಕಿಲೋ ಬಟ್ಟೆಯಲ್ಲಿ ಎಂಟು ಸ್ಕಾರ್ಫು. ಎರಡು ತುದಿಗಳನ್ನು ಕೂಡಿಸುವ ಒಂದೇ ಹೊಲಿಗೆಗೆ ಮೊಂಡು ಮೊನೆಯ ಸೂಜಿ ಬೇಕು. ಅದು ನೂಲನ್ನು ಚುಚ್ಚಿ ಹರಿಯದೆ ಕೊಂಡಿಗಳ ನಡುವೆ ಜಾರುತ್ತದೆ. ಜಿಗ್‌ಜಾಗ್ ಇಲ್ಲದ ಹಳೇ ಮಿಷನ್ನಿನಲ್ಲಿ ಬಟ್ಟೆಯನ್ನು ತುಸುವೇ ಎಳೆದು ಹಿಡಿದು ಹೊಲಿದರೆ, ಹಾಕಿಕೊಳ್ಳುವಾಗ ಹೊಲಿಗೆ ಪಟ್ಟೆಂದು ಕಿತ್ತುಬರುವುದಿಲ್ಲ.

ಬೇಸಿಗೆಗೆ ಮಲ್ಮಲ್ಲೇ ಮೇಲಲ್ಲವೇ ಎಂದರೆ, ಗಾಳಿಯಾಡುವ ವಿಷಯದಲ್ಲಿ ಹೌದು. ಆದರೆ ಸುತ್ತಿದ ಮಲ್ಮಲ್ ಜಾರುತ್ತದೆ. ಹೆಣೆದ ಬಟ್ಟೆ ಹಿಗ್ಗಿ ಕುಗ್ಗಿ ತಲೆಯ ಆಕಾರಕ್ಕೆ ಅಂಟಿ ನಿಲ್ಲುತ್ತದೆ. ಇದಕ್ಕಿಂತ ಗಟ್ಟಿ ಆಕ್ಷೇಪ ಬಿಸಿಲಿನದು. ತೆಳು ಬಿಳಿ ಹತ್ತಿಯ ಟೀ ಶರ್ಟು ನೇರಳಾತೀತ ಕಿರಣವನ್ನು ತಡೆಯುವುದು ಅಷ್ಟಕ್ಕಷ್ಟೇ. ಬೆವರಿಗೆ ನೆನೆದರೆ, ಬಿಗಿಯಾಗಿ ಜಗ್ಗಿದರೆ ಇನ್ನೂ ಕಡಿಮೆ. ಹಾಗಾಗಿ ಕಡುಬಣ್ಣದ ಬಟ್ಟೆ ಆರಿಸಿ, ಕೊರಳಿಗೆ ಎರಡು ಸುತ್ತು ಸಡಿಲವಾಗಿ ಹಾಕಿಕೊಳ್ಳಬೇಕು.

ಇಳಿಬಿದ್ದ ತುದಿಯ ಅಪಾಯವಂತೂ ಕಲ್ಪನೆಯಲ್ಲ. ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಸತ್ತದ್ದು ಕೊರಳ ಶಾಲು ಕಾರಿನ ಚಕ್ರಕ್ಕೆ ಸುತ್ತಿಕೊಂಡು. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಬೈಕಿನ ಹಿಂಚಕ್ರಕ್ಕೆ ಮರೆ ಇರಬೇಕೆಂದು ಹೇಳುತ್ತವೆ. ತುದಿ ಕೂಡಿಸಿದ ಸ್ಕಾರ್ಫಿನಲ್ಲಿ ಇಳಿಬೀಳುವ ತುದಿಯೇ ಇಲ್ಲ. ಮನೆಯಲ್ಲಿ ಹೊಲಿಯುವವರು ಆ ಒಂದು ಹೊಲಿಗೆಯನ್ನು ಬಿಡಬೇಡಿ; ಗಾಡಿ ಹತ್ತುವ ಮುನ್ನ ಎರಡನೆಯ ಸುತ್ತನ್ನೂ ಹಾಕಿಕೊಳ್ಳಿ.