ವರ್ಕ್ ಪರ್ಮಿಟ್‌ನಲ್ಲಿದ್ದು ಮನೆ ಕೊಳ್ಳಬಹುದೇ?



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ನಾವೆಲ್ಲ ಕನ್ನಡ ತರಗತಿಯಲ್ಲಿ ಕಲಿತಿದ್ದೇವೆ. ಇಲ್ಲಿ ಅರೋರಾದಲ್ಲಿ ಹೆಚ್ಚಿನವರು ಮನೆ ಕಟ್ಟಿಸುವುದಿಲ್ಲ, ಕಟ್ಟಿರುವ ಮನೆಯನ್ನು ಕೊಳ್ಳುತ್ತಾರೆ. ಆದರೂ ಗಾದೆ ಸುಳ್ಳಾಗಿಲ್ಲ.

ಹದಿನಾರು ವರ್ಷದ ಹುಡುಗಿಗೆ ಈ ವಿಷಯ ಯಾಕೆ ಎಂದು ನೀವು ಕೇಳಬಹುದು. ಮನೆ ಯಾವ ರಸ್ತೆಯಲ್ಲಿದೆ ಎನ್ನುವುದರ ಮೇಲೆ ನಾವು ಹೋಗುವ ಶಾಲೆ ನಿರ್ಧಾರವಾಗುತ್ತದೆ. ಬಾಡಿಗೆ ಮನೆ ಮಾರಾಟವಾಗಿ, ಕೊಂಡವರು ತಾವೇ ಅಲ್ಲಿ ವಾಸಕ್ಕೆ ಬರುವುದಾದರೆ, 60 ದಿನಗಳ ನೋಟಿಸ್ ಕೊಟ್ಟು ಬಿಡಿಸಬಹುದು. ಆಗ ಗೆಳತಿಯರು, ಟೀಚರ್‌ಗಳು, ಸ್ಕೂಲ್ ಬಸ್ ಎಲ್ಲವೂ ಬದಲಾಗಬಹುದು. ಆದ್ದರಿಂದ ಮನೆಯ ಮಾತು ದೊಡ್ಡವರದು ಮಾತ್ರ ಅಲ್ಲ.

ಎರಡು ಸರ್ಕಾರ, ಎರಡು ನಿಯಮ

ನಮ್ಮ ಕನ್ನಡ ಶಾಲೆಯ ಎಷ್ಟೋ ಮನೆಗಳಲ್ಲಿ ಅಪ್ಪ ಅಥವಾ ಅಮ್ಮ ವರ್ಕ್ ಪರ್ಮಿಟ್‌ನಲ್ಲಿದ್ದಾರೆ, ಪಿ.ಆರ್. ಇನ್ನೂ ಬಂದಿಲ್ಲ. ಅಂಥವರು ಮೊದಲು ತಿಳಿಯಬೇಕಾದದ್ದು ಇಷ್ಟೇ: ಒಂದು ಸರ್ಕಾರ "ಕೊಳ್ಳಬಹುದು" ಎಂದರೆ ಇನ್ನೊಂದು ಸರ್ಕಾರ "ತೆರಿಗೆ ಬೇಡ" ಎಂದಿದೆ ಎಂದು ಅರ್ಥವಲ್ಲ.

ಕೆನಡಾದ ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ವಿದೇಶಿಯರು ವಾಸದ ಮನೆ ಕೊಳ್ಳುವುದನ್ನು ನಿಷೇಧಿಸಿತು. ಎರಡು ವರ್ಷಕ್ಕೆಂದು ತಂದ ಕಾನೂನನ್ನು ಆಮೇಲೆ 2027ರ ಜನವರಿ 1ರವರೆಗೆ ಮುಂದುವರಿಸಿತು. ಅರೋರಾ ಟೊರಾಂಟೊ ಮಹಾನಗರ ಪ್ರದೇಶಕ್ಕೆ ಸೇರಿರುವುದರಿಂದ ನಮ್ಮ ಊರಿಗೂ ಇದು ಅನ್ವಯಿಸುತ್ತದೆ. ಪಿ.ಆರ್. ಇರುವವರಿಗೆ ಈ ನಿಷೇಧವಿಲ್ಲ. ವರ್ಕ್ ಪರ್ಮಿಟ್‌ನವರಿಗೂ ವಿನಾಯಿತಿ ಇದೆ, ಆದರೆ ಕೊಳ್ಳುವ ದಿನ ಪರ್ಮಿಟ್‌ನಲ್ಲಿ ಕನಿಷ್ಠ 183 ದಿನ ಉಳಿದಿರಬೇಕು, ಮತ್ತು ಒಂದಕ್ಕಿಂತ ಹೆಚ್ಚು ಮನೆ ಕೊಂಡಿರಬಾರದು. ಓದಲು ಬಂದಿರುವ ಅಣ್ಣ, ಅಕ್ಕಂದಿರಿಗೆ ನಿಯಮ ಇನ್ನೂ ಬಿಗಿ: ಹಿಂದಿನ ಐದು ವರ್ಷ ಇಲ್ಲಿ ತೆರಿಗೆ ಲೆಕ್ಕ ಸಲ್ಲಿಸಿರಬೇಕು, ಪ್ರತಿ ವರ್ಷ 244 ದಿನ ಇಲ್ಲೇ ಇದ್ದಿರಬೇಕು, ಮನೆಯ ಬೆಲೆ 5 ಲಕ್ಷ ಡಾಲರ್ ದಾಟಬಾರದು.

ಇಲ್ಲಿಯವರೆಗೆ ಓದಿ ಅನೇಕರು "ಹಾಗಾದರೆ ನಾವು ಕೊಳ್ಳಬಹುದಲ್ಲ" ಎಂದು ಖುಷಿಪಡುತ್ತಾರೆ. ಎರಡನೆಯ ನಿಯಮ ಒಂಟಾರಿಯೋ ಪ್ರಾಂತ್ಯದ್ದು. ಅದರ ಹೆಸರು ನಾನ್-ರೆಸಿಡೆಂಟ್ ಸ್ಪೆಕ್ಯುಲೇಷನ್ ಟ್ಯಾಕ್ಸ್. 2017ರ ಏಪ್ರಿಲ್‌ನಲ್ಲಿ ಟೊರಾಂಟೊ ಸುತ್ತಮುತ್ತ ಶೇಕಡಾ 15ರಂತೆ ಶುರುವಾಯಿತು. 2022ರ ಮಾರ್ಚ್‌ನಲ್ಲಿ ಶೇಕಡಾ 20 ಆಗಿ ಇಡೀ ಪ್ರಾಂತ್ಯಕ್ಕೆ ಹರಡಿತು. ಅದೇ ವರ್ಷ ಅಕ್ಟೋಬರ್ 25ರಿಂದ ಶೇಕಡಾ 25 ಆಯಿತು.

ಹೆಸರೇ ದಾರಿ ತಪ್ಪಿಸುತ್ತದೆ. ನಾವು ಇಲ್ಲೇ ವಾಸಿಸುತ್ತೇವೆ, ಇಲ್ಲೇ ದುಡಿಯುತ್ತೇವೆ, ಇಲ್ಲೇ ಆದಾಯ ತೆರಿಗೆ ಕಟ್ಟುತ್ತೇವೆ. ಆದರೆ ಪೌರತ್ವವಾಗಲಿ ಪಿ.ಆರ್. ಆಗಲಿ ಇಲ್ಲದಿದ್ದರೆ ಈ ತೆರಿಗೆಯ ಲೆಕ್ಕದಲ್ಲಿ ನಾವು ವಿದೇಶಿಯರೇ.

ಲೆಕ್ಕ ಹಾಕಿ ನೋಡೋಣ

ಸುಲಭವಾಗಲಿ ಎಂದು ಮನೆಯ ಬೆಲೆ 10 ಲಕ್ಷ ಡಾಲರ್ ಎಂದುಕೊಳ್ಳಿ. ಪ್ರಾಂತ್ಯದ ಲ್ಯಾಂಡ್ ಟ್ರಾನ್ಸ್‌ಫರ್ ಟ್ಯಾಕ್ಸ್ 16,475 ಡಾಲರ್. ಇದನ್ನು ಎಲ್ಲರೂ ಕಟ್ಟಬೇಕು. ಟೊರಾಂಟೊ ನಗರದಲ್ಲಿ ಇದರ ಮೇಲೆ ನಗರದ ತೆರಿಗೆಯೂ ಇದೆ, ಅರೋರಾದಲ್ಲಿ ಅದಿಲ್ಲ. ಮೊದಲ ಸಲ ಮನೆ ಕೊಳ್ಳುವವರಿಗೆ 4,000 ಡಾಲರ್‌ವರೆಗೆ ವಾಪಸ್ ಸಿಗುತ್ತದೆ, ಅದೂ ಪೌರರಿಗೆ ಮತ್ತು ಪಿ.ಆರ್. ಇರುವವರಿಗೆ ಮಾತ್ರ. ವರ್ಕ್ ಪರ್ಮಿಟ್‌ನವರು ಇವೆಲ್ಲದರ ಮೇಲೆ ಇನ್ನೂ 2,50,000 ಡಾಲರ್ ಕಟ್ಟಬೇಕು. ಇದು ಡೌನ್ ಪೇಮೆಂಟ್ ಅಲ್ಲ, ತೆರಿಗೆ.

ನಮ್ಮ ಮನೆಯಲ್ಲಿ ಈ ಚರ್ಚೆ ನಡೆದದ್ದು 2023ರಲ್ಲಿ. ನಾವು ವೆಲ್ಲಿಂಗ್ಟನ್ ಸ್ಟ್ರೀಟ್ ಹತ್ತಿರದ ಬಾಡಿಗೆ ಟೌನ್‌ಹೌಸ್‌ನಲ್ಲಿದ್ದೆವು. ಮಾಲೀಕರು ಅದನ್ನು ಮಾರಲು ಹೊರಟಿದ್ದರು. "ಬಾಡಿಗೆ ಕಟ್ಟೋದು ಅಂದ್ರೆ ದುಡ್ಡನ್ನ ನೀರಿಗೆ ಹಾಕಿದ ಹಾಗೆ" ಎಂದು ಅಮ್ಮ ಹೇಳುತ್ತಿದ್ದರು. ಲಾಯರ್ ಈ ಶೇಕಡಾ 25ರ ವಿಷಯ ಹೇಳಿದ ಮೇಲೆ ಅವರೇ ಕಾಗದದ ಮೇಲೆ ಲೆಕ್ಕ ಬರೆದರು. ತಿಂಗಳಿಗೆ 3,000 ಡಾಲರ್ ಬಾಡಿಗೆ ಎಂದರೂ ಎರಡೂವರೆ ಲಕ್ಷಕ್ಕೆ 83 ತಿಂಗಳು, ಹತ್ತಿರ ಹತ್ತಿರ ಏಳು ವರ್ಷದ ಬಾಡಿಗೆ!

ಮೈಸೂರಿನಿಂದ ತಾತ ಫೋನ್ ಮಾಡಿ, "ಸೈಟ್ ಮಾರಿ ದುಡ್ಡು ಕಳಿಸ್ತೀನಿ ಕಣಪ್ಪಾ, ಪತ್ರದಲ್ಲಿ ನನ್ನ ಹೆಸರೂ ಒಂದಿರಲಿ" ಎಂದರು. ಹಾಗೆ ಮಾಡಲಾಗುವುದಿಲ್ಲ ಎಂದು ಅವರಿಗೆ ವಿವರಿಸಲು ಅಪ್ಪನಿಗೆ ಎರಡು ಭಾನುವಾರ ಬೇಕಾಯಿತು. ಭಾರತದಲ್ಲಿರುವ ತಾತ ಕೇಂದ್ರದ ನಿಷೇಧದ ಪ್ರಕಾರ ಇಲ್ಲಿ ಮನೆ ಕೊಳ್ಳುವಂತೆಯೇ ಇಲ್ಲ. ಇನ್ನು ಪ್ರಾಂತ್ಯದ ತೆರಿಗೆ, ಪತ್ರದಲ್ಲಿ ಒಬ್ಬರೇ ಒಬ್ಬರು ವಿದೇಶಿ ಇದ್ದರೂ, ಅವರ ಪಾಲಿನ ಮೇಲಲ್ಲ, ಇಡೀ ಬೆಲೆಯ ಮೇಲೆ ಬೀಳುತ್ತದೆ. ನಿಮ್ಮ ಮನೆಯಲ್ಲೂ ಅಜ್ಜಿ, ತಾತ ಪ್ರೀತಿಯಿಂದ ಹೀಗೆ ಕೇಳಿದರೆ ಇದನ್ನು ನೆನಪಿಡಿ.

ನಾವು ಕಾಯಲು ನಿರ್ಧರಿಸಿದೆವು. ಹಳೆಯ ಮನೆ ಬಿಟ್ಟು ಅರೋರಾದಲ್ಲೇ ಇನ್ನೊಂದು ಬಾಡಿಗೆ ಮನೆಗೆ ಹೋದೆವು. ನನ್ನ ಶಾಲೆ ಉಳಿಯಿತು, ತಮ್ಮನ ಶಾಲೆ ಬದಲಾಯಿತು. ಅವನು ಬಹಳ ದಿನ ಸಪ್ಪಗಿದ್ದ. ಕಾಯುವುದಕ್ಕೂ ಒಂದು ಬೆಲೆ ಇದೆ, ಅದು ಲಾಯರ್ ಕೊಡುವ ಪಟ್ಟಿಯಲ್ಲಿ ಇರುವುದಿಲ್ಲ.

ಎಲ್ಲರೂ ಕಾಯಲೇಬೇಕೇ?

ಇಲ್ಲ. ಗಂಡ, ಹೆಂಡತಿಯಲ್ಲಿ ಒಬ್ಬರಿಗೆ ಪಿ.ಆರ್. ಅಥವಾ ಪೌರತ್ವ ಇದ್ದು, ಇಬ್ಬರೇ ಸೇರಿ ವಾಸಕ್ಕಾಗಿ ಕೊಂಡರೆ ಈ ತೆರಿಗೆಯಿಂದ ವಿನಾಯಿತಿ ಇದೆ. ಒಂಟಾರಿಯೋ ಇಮಿಗ್ರೆಂಟ್ ನಾಮಿನಿ ಪ್ರೋಗ್ರಾಮ್‌ನಲ್ಲಿ ಆಯ್ಕೆಯಾದವರಿಗೂ ಇದೆ. ತೆರಿಗೆ ಕಟ್ಟಿ ಕೊಂಡವರು ನಾಲ್ಕು ವರ್ಷದೊಳಗೆ ಪಿ.ಆರ್. ಪಡೆದರೆ ಹಣ ವಾಪಸ್ ಕೇಳಬಹುದು. ಆದರೆ ಕೊಂಡ 60 ದಿನದೊಳಗೆ ಆ ಮನೆಯಲ್ಲಿ ವಾಸ ಶುರುವಾಗಿರಬೇಕು, ಮನೆ ತಮ್ಮ ಅಥವಾ ದಂಪತಿಗಳ ಹೆಸರಿನಲ್ಲಿ ಮಾತ್ರ ಇರಬೇಕು, ಪಿ.ಆರ್. ಬಂದ 90 ದಿನದೊಳಗೆ ಅರ್ಜಿ ಹಾಕಬೇಕು. ಅಲ್ಲಿಯವರೆಗೆ ಅಷ್ಟು ಹಣ ಹೊಂದಿಸಲು ಆಗುತ್ತದೆಯೇ, ಪಿ.ಆರ್. ತಡವಾದರೆ ಏನು ಗತಿ, ಎರಡನ್ನೂ ಯೋಚಿಸಿ.

ಕಾಯುವ ವರ್ಷಗಳನ್ನು ವ್ಯರ್ಥ ಮಾಡಬೇಕಿಲ್ಲ. 2023ರ ಏಪ್ರಿಲ್‌ನಲ್ಲಿ ಬಂದ ಫಸ್ಟ್ ಹೋಮ್ ಸೇವಿಂಗ್ಸ್ ಅಕೌಂಟ್‌ನಲ್ಲಿ ವರ್ಷಕ್ಕೆ 8,000, ಒಟ್ಟು 40,000 ಡಾಲರ್ ಉಳಿಸಬಹುದು. ಹಾಕಿದ ಹಣಕ್ಕೆ ಆದಾಯ ತೆರಿಗೆಯಲ್ಲಿ ಕಡಿತ ಸಿಗುತ್ತದೆ, ಮೊದಲ ಮನೆಗೆ ತೆಗೆದರೆ ತೆರಿಗೆ ಇಲ್ಲ. ಇದಕ್ಕೆ ಪಿ.ಆರ್. ಬೇಕಿಲ್ಲ, ತೆರಿಗೆಯ ಲೆಕ್ಕದಲ್ಲಿ ಕೆನಡಾದ ನಿವಾಸಿಯಾಗಿದ್ದರೆ ಸಾಕು.

ಊರಿನಿಂದ ಹಣ ತರಿಸುವವರಿಗೆ ಎರಡು ಮಾತು. ಭಾರತದಲ್ಲಿ ವಾಸಿಸುವ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ, ಅಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, 2.5 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ನೀವೇ ಅಲ್ಲಿನ ಆಸ್ತಿ ಮಾರಿದರೆ, ಆ ಲಾಭವನ್ನು ಭಾರತದಲ್ಲೇ ಮನೆಗೆ ಹಾಕಿದಾಗ ಸಿಗುವ ತೆರಿಗೆ ವಿನಾಯಿತಿ ಕೆನಡಾದ ಮನೆಗೆ ಹಾಕಿದಾಗ ಸಿಗುವುದಿಲ್ಲ.

ಇದೆಲ್ಲ ನಮಗೆ ಮಾತ್ರ ಮಾಡಿದ ಅನ್ಯಾಯ ಎಂದು ನನಗೆ ಮೊದಲು ಅನಿಸುತ್ತಿತ್ತು. ಆದರೆ ನ್ಯೂಜಿಲೆಂಡ್ 2018ರಲ್ಲೇ ಇಂಥ ಕಾನೂನು ತಂದಿದೆ. ನಮ್ಮ ಭಾರತದಲ್ಲೂ ಓ.ಸಿ.ಐ. ಕಾರ್ಡ್ ಇರುವವರು ಮನೆ ಕೊಳ್ಳಬಹುದು, ಹೊಲ, ತೋಟ ಕೊಳ್ಳುವಂತಿಲ್ಲ.

ಆಫರ್ ಹಾಕುವ ಮುಂಚೆ

ಒಂಟಾರಿಯೋದಲ್ಲಿ ಹಳೆಯ ಮನೆಗೆ ಹಾಕಿದ ಆಫರ್ ಎರಡೂ ಕಡೆ ಸಹಿಯಾದ ಮೇಲೆ, "ಮನಸ್ಸು ಬದಲಾಯಿತು" ಎಂದು ಹಿಂದೆ ಸರಿಯಲು ಕಾನೂನು ದಿನಗಳ ಕಾಲಾವಕಾಶ ಕೊಡುವುದಿಲ್ಲ. ಸಾಲ ಮಂಜೂರಾಗಬೇಕು, ಮನೆಯ ತಪಾಸಣೆಯಾಗಬೇಕು ಎಂಬ ಷರತ್ತುಗಳನ್ನು ಆಫರ್‌ನಲ್ಲೇ ಬರೆಸಬೇಕು. ಆದ್ದರಿಂದ ಏಜೆಂಟ್ ಜೊತೆ ಮನೆ ನೋಡಲು ಹೊರಡುವ ಮೊದಲೇ ಲಾಯರ್ ಹತ್ತಿರ ಈ ನಾಲ್ಕು ಪ್ರಶ್ನೆ ಕೇಳಿ:

1. ನನ್ನ ಪರ್ಮಿಟ್‌ನಲ್ಲಿ ಸಾಕಷ್ಟು ದಿನ ಉಳಿದಿದೆಯೇ?
2. ಶೇಕಡಾ 25ರ ತೆರಿಗೆ ನನಗೆ ಬೀಳುತ್ತದೆಯೇ, ವಿನಾಯಿತಿ ಇದೆಯೇ?
3. ಪತ್ರದಲ್ಲಿ ಯಾರ ಯಾರ ಹೆಸರು ಇರಬೇಕು?
4. ಕ್ಲೋಸಿಂಗ್ ದಿನ ಕೈಯಲ್ಲಿ ಒಟ್ಟು ಎಷ್ಟು ಹಣ ಇರಬೇಕು?

ನಿಯಮಗಳು ಬದಲಾಗುತ್ತಿರುತ್ತವೆ, ಹಾಗಾಗಿ ನೀವು ಕೊಳ್ಳುವ ತಿಂಗಳಿನ ನಿಯಮವನ್ನೇ ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಂಡು ಮಾತಾಡಿ. ಯಾಕೆ ಕಾಯುತ್ತಿದ್ದೇವೆ ಎಂದು ಗೊತ್ತಾದರೆ ಕಾಯುವುದು ನಮಗೂ ಸ್ವಲ್ಪ ಸುಲಭ.