ಹಿಂದುಳಿದ ತಾಲೂಕು ಮತ್ತು ನಿಮ್ಮ ಮಗಳು

ಒಂದು ಮಗುವಿಗೆ ಹೊಟ್ಟೆ ತುಂಬ ಬಡಿಸಿ ಇನ್ನೊಂದನ್ನು ಅರೆಹೊಟ್ಟೆಯಲ್ಲಿ ಮಲಗಿಸಲು ನೀವು ಒಪ್ಪುವಿರಾ? ನಮ್ಮ ರಾಜ್ಯದಲ್ಲಿ ಇಂತಹ ತಾರತಮ್ಯವಿರುವುದನ್ನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಲೆಕ್ಕ ಸಮೇತ ತೋರಿಸಿತು. ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಗುಲ್ಬರ್ಗಾ ವಿಭಾಗದವು, ಅಂದರೆ ಇಂದಿನ ಕಲ್ಯಾಣ ಕರ್ನಾಟಕದವು. ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ರೂಪಾಯಿ ವ್ಯಯಿಸಬೇಕೆಂದು ಸಮಿತಿ ಶಿಫಾರಸು ಮಾಡಿತು.

2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ದೊರೆಯಿತು. ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಯೂ ಬಂತು.

ರಸ್ತೆ, ಶಾಲೆಗಳನ್ನು ಸರಕಾರ ಕಟ್ಟಬಹುದು. ಆದರೆ ಮಗಳನ್ನು ಆ ಶಾಲೆಗೆ ಕಳುಹಿಸಬೇಕಾದವರು ನೀವು. ನೀವು ಆ ಭಾಗದವರಾಗಿದ್ದರೆ ಅವಳ 371(ಜೆ) ಅರ್ಹತಾ ಪತ್ರವನ್ನು ಈಗಲೇ ಮಾಡಿಸಿಡಿ. ಕಾಲೇಜು ಪ್ರವೇಶದ ದಿನ ಕಚೇರಿಗೆ ಓಡಿದರೆ ಸಿಗಬೇಕಾದ ಸೀಟು ಕೈತಪ್ಪೀತು.